ಅಡಿಕೆ ತಟ್ಟುವ ಪೆಟ್ಟಿಗೆಯನ್ನು ಪೇಟೆಂಟ್ ಸಮಿತಿ ಮುಂದೆ ಇಡುವುದು ಹೇಗೆ?

ಓದುಗರ ಪ್ರಶ್ನೆ: ನಾನು ಮಲೆನಾಡಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ನಾನೂ ನನ್ನ ಪಿಎಚ್‌ಡಿ ವಿದ್ಯಾರ್ಥಿಯೂ ಸೇರಿ ಒಂದು ಪುಟ್ಟ ಪೆಟ್ಟಿಗೆ ಮಾಡಿದ್ದೇವೆ. ಚಾಲಿ ಅಡಿಕೆ (ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ ಮಾಡುವುದು) ಒಣಗಿದೆಯೋ ಇಲ್ಲವೋ ಎಂದು ಸಿಪ್ಪೆ ಸುಲಿಯದೆಯೇ ಅದು ಹೇಳುತ್ತದೆ. ಅಡಿಕೆಯನ್ನು ಬಟ್ಟಲಲ್ಲಿಟ್ಟರೆ ಸಣ್ಣ ಸುತ್ತಿಗೆಗಳು ಎರಡು ಕಡೆಯಿಂದ ತಟ್ಟುತ್ತವೆ, ಸೆನ್ಸರ್ ಸದ್ದು ಕೇಳುತ್ತದೆ, ಹಸಿರು ಇಲ್ಲವೇ ಕೆಂಪು ದೀಪ ಹತ್ತುತ್ತದೆ. ಹತ್ತರಲ್ಲಿ ಒಂಬತ್ತು ಸಲ ಸರಿ ಹೇಳುತ್ತದೆ. ಮೂರು ವಾರ ಬಿಟ್ಟು ವಿಶ್ವವಿದ್ಯಾಲಯದ ಪೇಟೆಂಟ್ ಸಮಿತಿ ಕರೆದಿದೆ. 15 ನಿಮಿಷ ಮಾತಾಡಬೇಕು. ಪೇಟೆಂಟಿಗೆ ಅರ್ಜಿ ಹಾಕುವುದೋ ಬೇಡವೋ, ಯಾವುದಾದರೂ ಕಂಪನಿಗೆ ಕೊಡಬಹುದೋ ಎಂದು ಅವರು ತೀರ್ಮಾನಿಸುತ್ತಾರಂತೆ. ನನ್ನ ಹತ್ತಿರ 48 ಸ್ಲೈಡ್ ಇದೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಅಂದ ಹಾಗೆ, ಮುಂದಿನ ತಿಂಗಳು ಇದರ ಬಗ್ಗೆ ಸಮ್ಮೇಳನದಲ್ಲಿ ಪೇಪರ್ ಇದೆ. ಎರಡು ತಿಂಗಳ ಹಿಂದೆ ಕೃಷಿ ಮೇಳದಲ್ಲೂ ಇಟ್ಟಿದ್ದೆವು.

ಉತ್ತರ: ನಮಸ್ಕಾರ ಮೇಡಂ. ಸ್ಲೈಡಿನ ಮಾತು ಆಮೇಲೆ ಆಡೋಣ. ನೀವು "ಅಂದ ಹಾಗೆ" ಅಂತ ಕೊನೆಗೆ ಸೇರಿಸಿದ ಎರಡು ಸಾಲು ಇದೆಯಲ್ಲ, ನನಗೆ ಅದೇ ಮೊದಲ ಸಂಗತಿ. ಸಮಿತಿಗೂ ಅದೇ ಮೊದಲಾಗಬೇಕು.

ಪೇಟೆಂಟ್ ಸಿಗಬೇಕಾದರೆ ಅರ್ಜಿ ಹಾಕುವ ದಿನಕ್ಕೆ ಆ ವಿಷಯ ಲೋಕಕ್ಕೆ ಹೊಸದಾಗಿರಬೇಕು. ನೀವೇ ಬಹಿರಂಗ ಮಾಡಿದ್ದರೂ ಅದು ಹಳೆಯದೇ. ನಮ್ಮ ಮೇಷ್ಟ್ರುಗಳಲ್ಲಿ ಬಹಳ ಮಂದಿ "ನನ್ನದೇ ಪೇಪರ್ ಅಲ್ವಾ, ನನಗೇ ಹೇಗೆ ಅಡ್ಡ ಬರುತ್ತೆ?" ಅಂತ ಕೇಳುತ್ತಾರೆ. ಅಡ್ಡ ಬರುತ್ತದೆ. ಅಮೆರಿಕದಲ್ಲಿ ಒಂದು ವರ್ಷದ ವಿನಾಯಿತಿ ಇದೆ ಎಂದು ಎಲ್ಲೋ ಓದಿಕೊಂಡು ಇಲ್ಲಿಯೂ ಹಾಗೇ ಅಂದುಕೊಳ್ಳುವವರೇ ಜಾಸ್ತಿ. ನಮ್ಮ 1970ರ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ 12 ತಿಂಗಳ ಅವಕಾಶ ಕೊಡುತ್ತದೆ ನಿಜ, ಆದರೆ ಅದರ ಬಾಗಿಲು ಬಲು ಸಣ್ಣದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೆ ಅದು ಸಿಗುತ್ತದೆ. ವಿದ್ವತ್ ಸಂಘದ ಮುಂದೆ ಪ್ರಬಂಧ ಓದಿದ್ದರೆ, ಇಲ್ಲವೇ ಆ ಸಂಘದ ನಡಾವಳಿಯಲ್ಲಿ ಅದು ಅಚ್ಚಾಗಿದ್ದರೆ ಸಿಗುತ್ತದೆ. ಊರಿನ ಕೃಷಿ ಮೇಳ ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ. ದುಡ್ಡು ಕಟ್ಟಿ ಹೋಗುವ ಸಮ್ಮೇಳನವೆಲ್ಲ ವಿದ್ವತ್ ಸಂಘ ಎಂದು ವಾದಿಸಿ ಗೆಲ್ಲುತ್ತೇನೆ ಅಂತ ಕೂರಬೇಡಿ.

ತಡ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಡಿಎನ್‌ಎ ತುಂಡುಗಳನ್ನು ಕತ್ತರಿಸಿ ಜೋಡಿಸುವ ವಿಧಾನವನ್ನು 1973ರ ನವೆಂಬರ್‌ನಲ್ಲಿ ಪೇಪರಾಗಿ ಪ್ರಕಟಿಸಿದರು. ಪೇಟೆಂಟಿನ ಯೋಚನೆಯೇ ಅವರಿಗೆ ಇರಲಿಲ್ಲ. ಮರುವರ್ಷ ವಿಶ್ವವಿದ್ಯಾಲಯದ ಲೈಸೆನ್ಸಿಂಗ್ ಕಚೇರಿಯ ನೀಲ್ಸ್ ರೈಮರ್ಸ್ ಇದನ್ನು ಸುದ್ದಿಪತ್ರಿಕೆಯಲ್ಲಿ ಓದಿ ಓಡಿಬಂದರು. 1974ರ ನವೆಂಬರ್ 4ರಂದು ಅರ್ಜಿ ಹಾಕಿದಾಗ ಅಮೆರಿಕದ ಒಂದು ವರ್ಷದ ಗಡುವಿಗೆ ಕೆಲವೇ ದಿನ ಬಾಕಿ ಇತ್ತು. ಮುಂದೆ ಆ ಪೇಟೆಂಟ್‌ಗಳು 25 ಕೋಟಿ ಡಾಲರಿಗೂ ಹೆಚ್ಚು ತಂದವು. ಆದರೆ ಅಮೆರಿಕದ ಹೊರಗಿನ ಹಕ್ಕು ಆ ಪೇಪರಿನ ಜೊತೆಗೇ ಕೈ ಬಿಟ್ಟು ಹೋಗಿತ್ತು. ಅಂಥ ಕಡೆಯೇ ಹೀಗಾಯಿತು ಅಂದಮೇಲೆ ನಾವು ಎಷ್ಟು ಹುಷಾರಾಗಿರಬೇಕು ನೋಡಿ.

ಹಾಗಂತ ನಿಮ್ಮದು ಮುಗಿದುಹೋಯಿತು ಅಂತ ನಾನು ಹೇಳುತ್ತಿಲ್ಲ. ಮೇಳದಲ್ಲಿ ಜನ ಏನನ್ನು ನೋಡಿದರು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಮುಚ್ಚಿದ ಪೆಟ್ಟಿಗೆ, ಹೊರಗೆ ಎರಡು ದೀಪ ಅಷ್ಟೇ ಆಗಿದ್ದರೆ ಒಳಗಿನ ಗುಟ್ಟು ಹೊರಬಿದ್ದಿಲ್ಲ ಎನ್ನಬಹುದು. ಪಕ್ಕದಲ್ಲಿ ಪೋಸ್ಟರ್ ಇತ್ತೇ? ಅದರಲ್ಲಿ ಏನೇನು ಬರೆದಿತ್ತು? ಕರಪತ್ರ ಹಂಚಿದ್ದೀರಾ? ಯಾರಿಗಾದರೂ ಮುಚ್ಚಳ ತೆಗೆದು ತೋರಿಸಿದ್ದೀರಾ? ಯೂಟ್ಯೂಬಿನವರು ವಿಡಿಯೊ ಮಾಡಿಕೊಂಡು ಹೋದರೇ? ಆ ಪೋಸ್ಟರಿನ ಫೈಲು, ಮೇಳದ ಫೋಟೊ, ಪತ್ರಿಕೆಯ ತುಣುಕು ಎಲ್ಲ ಇವತ್ತೇ ಒಂದು ಕಡೆ ಸೇರಿಸಿ, ತಾರೀಕು ಬರೆದಿಡಿ. ಸಮಿತಿಗೆ ಮೊದಲ ನಿಮಿಷದಲ್ಲೇ ಇದನ್ನು ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ, ಬಚ್ಚಿಡಲೂ ಬೇಡಿ. ನಾಳೆ ಪೇಟೆಂಟ್ ಸಿಕ್ಕು, ಯಾರೋ ಅದನ್ನು ಎದುರಿಸಿ ಮೇಳದ ಫೋಟೊ ಮುಂದಿಟ್ಟರೆ, ಅಷ್ಟು ಹೊತ್ತಿಗೆ ಹಾಕಿದ ದುಡ್ಡು, ವರ್ಷಗಳು ಎಲ್ಲ ನೀರುಪಾಲು.

ರೈತರ ಅಂಗಳದಲ್ಲಿ ಇಟ್ಟು ಪರೀಕ್ಷೆ ಮಾಡಿದ್ದರೆ ಅದರ ದಾರಿ ಬೇರೆ. ಬಹಿರಂಗವಾಗಿಯೇ ಪರೀಕ್ಷಿಸಬೇಕಾದ ವಸ್ತುವಾದರೆ, ಪರೀಕ್ಷೆಗೆಂದೇ ಮಾಡಿದ ಬಳಕೆಗೆ 32ನೇ ಸೆಕ್ಷನ್ ಒಂದು ವರ್ಷದ ರಕ್ಷಣೆ ಕೊಡುತ್ತದೆ. ಅದರ ದಿನಚರಿಯನ್ನೂ ಇಟ್ಟುಕೊಳ್ಳಿ.

ಇನ್ನು ಸಮ್ಮೇಳನ. ಸಮಿತಿ ಮೂರು ವಾರಕ್ಕೆ ಸೇರುತ್ತದೆ, ತೀರ್ಮಾನ ಬರೆದು ಸಹಿ ಆಗುವ ಹೊತ್ತಿಗೆ ಇನ್ನೆರಡು ವಾರ, ಆಮೇಲೆ ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟ್ ಹುಡುಕಬೇಕು. ಅಷ್ಟರಲ್ಲಿ ನಿಮ್ಮ ಪೇಪರ್ ಓದಿ ಆಗಿರುತ್ತದೆ. ಅದಕ್ಕೇ ಸಮಿತಿಯ ಕಾರ್ಯದರ್ಶಿಗೆ ಇವತ್ತೇ ಒಂದು ಮೇಲ್ ಹಾಕಿ, ಸಮ್ಮೇಳನದ ತಾರೀಕು ತಿಳಿಸಿ, ಅದಕ್ಕೂ ಮೊದಲು ಪ್ರೊವಿಷನಲ್ ಅರ್ಜಿ ಹಾಕಲು ಸಾಧ್ಯವೇ ಎಂದು ಕೇಳಿ. ಪ್ರೊವಿಷನಲ್ ಹಾಕಿದರೆ ಆ ದಿನಾಂಕ ನಿಮ್ಮದಾಗುತ್ತದೆ, ಪೂರ್ಣ ಅರ್ಜಿಗೆ 12 ತಿಂಗಳು ಸಮಯ ಸಿಗುತ್ತದೆ. ಆದರೆ ಎರಡು ಪುಟ ಗೀಚಿ ಹಾಕಿದರೆ ಪ್ರಯೋಜನ ಇಲ್ಲ. ಅದರಲ್ಲಿ ಬರೆದಷ್ಟಕ್ಕೆ ಮಾತ್ರ ಆ ದಿನಾಂಕ ಸಲ್ಲುತ್ತದೆ. ನಿಮ್ಮ ಪೇಪರಿನಲ್ಲಿ ಏನೇನಿದೆಯೋ ಅಷ್ಟೂ ಅದರಲ್ಲಿ ಬರಲಿ, ಚಿತ್ರ ಸಮೇತ. ಆಗಲಿಲ್ಲ ಅಂದರೆ ಪೇಪರ್ ಹಿಂತೆಗೆದುಕೊಳ್ಳಿ. ಒಂದು ಸಮ್ಮೇಳನ ಹೋದರೆ ಇನ್ನೊಂದು ಬರುತ್ತದೆ. ಸಾರಾಂಶ ಈಗಾಗಲೇ ಅವರ ವೆಬ್‌ಸೈಟ್‌ಗೆ ಏರಿದೆಯೇ ಅಂತಲೂ ನೋಡಿ. ಹಾಗೆಯೇ ನಿಮ್ಮ ವಿದ್ಯಾರ್ಥಿಯ ಪ್ರಬಂಧ ಶೋಧಗಂಗಾಕ್ಕೆ (ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ಹೋದ ದಿನ ಅದೂ ಪ್ರಕಟಣೆಯೇ. ಅದರ ತಾರೀಕೂ ಲೆಕ್ಕದಲ್ಲಿರಲಿ.

ಈಗ ಸಮಿತಿಯ ಕೋಣೆಯೊಳಗೆ ಹೋಗೋಣ.

ಇಂಥ ಸಮಿತಿಗಳಲ್ಲಿ ಸದಸ್ಯನಾಗಿ ನಾನು ಬಹಳ ವರ್ಷ ಕೂತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಅದನ್ನು ಪಿಎಚ್‌ಡಿ ವೈವಾ ಅಂದುಕೊಂಡು ಬರುತ್ತಾರೆ. ಪೀಠಿಕೆ, ಉದ್ದೇಶ, ಹಿಂದಿನ ಅಧ್ಯಯನಗಳು, ವಿಧಾನ, ಗ್ರಾಫು, ಗ್ರಾಫು, ಇನ್ನೊಂದು ಗ್ರಾಫು. ಹದಿಮೂರನೇ ನಿಮಿಷಕ್ಕೆ ಅಧ್ಯಕ್ಷರು ಗಡಿಯಾರ ನೋಡುತ್ತಾರೆ. ಆಗ ಆ ಮೇಷ್ಟ್ರು ಗಡಿಬಿಡಿಯಲ್ಲಿ ಹತ್ತು ಸ್ಲೈಡ್ ಹಾರಿಸುತ್ತಾರೆ. ಆ ಹಾರಿಸಿದ ಹತ್ತರಲ್ಲೇ ನಮಗೆ ಬೇಕಾದದ್ದು ಇರುತ್ತದೆ. ನಿಮ್ಮ ವಿದ್ಯೆಯನ್ನು ಅಳೆಯಲು ಯಾರೂ ಅಲ್ಲಿ ಕೂತಿರುವುದಿಲ್ಲ. ಅವರ ಕೈಯಲ್ಲಿ ಒಂದಿಷ್ಟು ಹಣ ಇದೆ, ಮೇಜಿನ ಮೇಲೆ ಹತ್ತಾರು ಫೈಲು ಇದೆ. ಯಾವುದಕ್ಕೆ ಹಾಕೋಣ ಎಂದು ಅವರು ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಏನು ಬೇಕೋ ಅದನ್ನು ಅವರ ಕೈಗೆ ಕೊಡುವುದು ನಿಮ್ಮ ಕೆಲಸ. ಒಳ್ಳೆಯದನ್ನೂ ಕೊಡಿ, ನಿಮಗೆ ಅನುಕೂಲವಲ್ಲದ್ದನ್ನೂ ಕೊಡಿ.

ನೋಡಿ, ನಾನಾಗಿದ್ದರೆ ಹೀಗೆ ಶುರು ಮಾಡುತ್ತಿದ್ದೆ. ಹತ್ತು ಅಡಿಕೆ ತರುತ್ತಿದ್ದೆ, ಸಿಪ್ಪೆ ಸಮೇತ. ಐದು ಚೆನ್ನಾಗಿ ಒಣಗಿದ್ದು, ಐದು ಇನ್ನೂ ಎಂಟು ಹತ್ತು ದಿನದ ಬಿಸಿಲು ಬೇಕಾದದ್ದು. ಕಲೆಸಿ ಒಂದು ತಟ್ಟೆಯಲ್ಲಿಟ್ಟು, "ಯಾವುದು ಒಣಗಿದೆ ಹೇಳಿ ಸಾರ್" ಅಂತ ಅಧ್ಯಕ್ಷರ ಕಡೆ ನೂಕುತ್ತಿದ್ದೆ. ಅಡಿಕೆ ಊರಿನವರು ಒಬ್ಬರಾದರೂ ಸಮಿತಿಯಲ್ಲಿ ಇದ್ದೇ ಇರುತ್ತಾರೆ. ಅವರು ತಕ್ಷಣ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಣಗಿದ ಅಡಿಕೆ ಸಿಪ್ಪೆಯಿಂದ ಬಿಟ್ಟುಕೊಂಡಿರುತ್ತದೆ, ಒಳಗೆ ಲೊಟಲೊಟ ಸದ್ದು ಬರುತ್ತದೆ. ಆದರೆ ಕೆಲವು ಬಿಟ್ಟುಕೊಂಡಿದ್ದರೂ ಒಳಗೆ ಹಸಿ ಇರುತ್ತವೆ. ಅಲ್ಲಿ ಕಿವಿ ಮೋಸ ಹೋಗುತ್ತದೆ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ಪೆಟ್ಟಿಗೆಯಲ್ಲಿಡಿ. ಕೊನೆಗೆ ಸಿಪ್ಪೆ ಸುಲಿದು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಮೇಜಿನ ಮೇಲಿಡಿ. ಇಷ್ಟಕ್ಕೆ ನಾಲ್ಕು ನಿಮಿಷ ಸಾಕು. ಈ ನಾಲ್ಕು ನಿಮಿಷದಲ್ಲಿ ತೊಂದರೆ ಏನು, ಈಗ ಜನ ಏನು ಮಾಡುತ್ತಾರೆ, ನಿಮ್ಮದು ಏನು ಮಾಡುತ್ತದೆ, ಮೂರೂ ಬಂದಾಯಿತು. ನಿಮ್ಮ 48ರಲ್ಲಿ ಮೊದಲ 15 ಸ್ಲೈಡ್ ಇನ್ನು ಬೇಕಾಗಿಲ್ಲ.

ಪೆಟ್ಟಿಗೆ ಒಂದು ಅಡಿಕೆಯಲ್ಲಿ ತಪ್ಪಿದರೆ? ಹತ್ತಕ್ಕೆ ಒಂದು ತಪ್ಪುತ್ತದೆ ಅಂತ ನೀವೇ ಬರೆದಿದ್ದೀರಿ. ತಪ್ಪಿದರೆ ತಪ್ಪಿತು ಅನ್ನಿ, ಯಾವ ಥರದ ಅಡಿಕೆಯಲ್ಲಿ ತಪ್ಪುತ್ತದೆ ಅಂತ ವಿವರಿಸಿ. ಗೋಟು ಅಡಿಕೆಯಲ್ಲೋ, ಸಣ್ಣ ಗಾತ್ರದ್ದರಲ್ಲೋ, ಒಳಗೆ ಬೂಸ್ಟು ಬಂದದ್ದರಲ್ಲೋ? ತನ್ನ ಯಂತ್ರ ಎಲ್ಲಿ ಸೋಲುತ್ತದೆ ಎಂದು ಗೊತ್ತಿರುವವರ ಮಾತಿಗೆ ಸಮಿತಿಯಲ್ಲಿ ತೂಕ ಹೆಚ್ಚು.

ಇನ್ನು ಹೊಸತು ಯಾವುದು ಎನ್ನುವ ಪ್ರಶ್ನೆ. ಇದು ಅತಿ ಮುಖ್ಯ, ಸ್ವಲ್ಪ ನಿಧಾನವಾಗಿ ನೋಡೋಣ.

"ಸದ್ದು ಕೇಳಿ ಅಡಿಕೆ ಒಣಗಿದ್ದನ್ನು ಪತ್ತೆ ಮಾಡುವುದು ನಮ್ಮ ಆವಿಷ್ಕಾರ" ಅಂತ ನೀವು ಬರೆದರೆ ಅಲ್ಲಿಗೆ ಮುಗಿಯಿತು. ಅದು ನಮ್ಮ ಅಜ್ಜಂದಿರ ಕಾಲದಿಂದ ಗೊತ್ತಿರುವ ವಿಷಯ. ಕಾಯ್ದೆಯ 3(ಪಿ) ಸೆಕ್ಷನ್ ಪ್ರಕಾರ ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ. ಅರಿಸಿನದ ಕತೆ ನಿಮಗೆ ಗೊತ್ತಿರಬೇಕು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿತ್ತು. ನಮ್ಮ ಸಿಎಸ್‌ಐಆರ್ (ಕೇಂದ್ರದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು) ಹಳೆಯ ದಾಖಲೆಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅದೂ ಒಂದು ವಿಶ್ವವಿದ್ಯಾಲಯದ ಆವಿಷ್ಕಾರವಾಗಿಯೇ ಹೋಗಿದ್ದು ನೋಡಿ.

ಸರಿ, "ತಟ್ಟಿ, ಸದ್ದನ್ನು ಸೆನ್ಸರಿನಿಂದ ಅಳೆಯುವುದು" ಹೊಸತೇ? ಅದೂ ಅಲ್ಲ. ಕಲ್ಲಂಗಡಿ, ಸೇಬು ಹಣ್ಣುಗಳನ್ನು ತಟ್ಟಿ ಅಳೆಯುವ ಸಂಶೋಧನೆ ಬೇಕಾದಷ್ಟಿದೆ. ಅಮೆರಿಕದಲ್ಲಿ ಪಿಸ್ತಾಗಳನ್ನು ಉಕ್ಕಿನ ತಟ್ಟೆಯ ಮೇಲೆ ಬೀಳಿಸಿ, ಮೈಕಿನಲ್ಲಿ ಸದ್ದು ಕೇಳಿ, ಬಾಯಿ ಬಿಟ್ಟದ್ದನ್ನೂ ಮುಚ್ಚಿದ್ದನ್ನೂ ಬೇರೆ ಮಾಡುವ ಯಂತ್ರವಿದೆ. "ಪಿಸ್ತಾಕ್ಕೆ ಮಾಡಿದ್ದನ್ನೇ ಅಡಿಕೆಗೆ ಮಾಡಿದ್ದಾರೆ, ಇದರಲ್ಲೇನು?" ಅಂತ ಪೇಟೆಂಟ್ ಕಚೇರಿಯ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಅವರಿಗಿಂತ ಮೊದಲು ಸಮಿತಿಯವರೇ ಕೇಳಬೇಕು.

ಹಾಗಾದರೆ ನಿಮ್ಮಲ್ಲಿ ಹೊಸದೇನೂ ಇಲ್ಲವೇ? ಇದೆ ಅಂತ ನನಗೆ ಅನಿಸುತ್ತದೆ. ನೀವು ಎರಡೇ ಪದದಲ್ಲಿ ದಾಟಿ ಹೋಗಿದ್ದೀರಿ: "ಎರಡು ಕಡೆಯಿಂದ". ಯಾಕೆ ಎರಡು ಕಡೆಯಿಂದ ತಟ್ಟುತ್ತೀರಿ? ನನ್ನ ಊಹೆ ಹೀಗೆ. ದೊಡ್ಡ ಅಡಿಕೆಯ ಸದ್ದು ಬೇರೆ, ಸಣ್ಣದರ ಸದ್ದು ಬೇರೆ. ಹಾಗಾಗಿ ಮೊದಲು ಒಂದೇ ಕಡೆ ತಟ್ಟಿದಾಗ ಗಾತ್ರ ಬದಲಾದಂತೆಲ್ಲ ಪೆಟ್ಟಿಗೆ ತಪ್ಪು ಹೇಳಿರಬೇಕು. ಆಮೇಲೆ ಎರಡು ಸದ್ದನ್ನು ಹೋಲಿಸಿದಿರಿ, ಗಾತ್ರದ ಗೊಂದಲ ಕಳೆದುಹೋಯಿತು. ನನ್ನ ಊಹೆ ನಿಜವಾದರೆ ನಿಮ್ಮ ಆವಿಷ್ಕಾರ ಅಲ್ಲಿದೆ. ಅಡಿಕೆಯನ್ನು ಹಿಡಿಯುವ ಬಟ್ಟಲಿನ ಆಕಾರದಲ್ಲೂ ಏನಾದರೂ ಇರಬಹುದು. ರಬ್ಬರ್ ಎಲ್ಲಿ ಇಟ್ಟಿರಿ, ಎಷ್ಟು ದಪ್ಪ, ಅದಿಲ್ಲದಿದ್ದರೆ ಏನಾಗುತ್ತಿತ್ತು? ಲ್ಯಾಬಿನ ಪುಸ್ತಕ ತೆಗೆದು, ಯಾವ ದಿನ ಯಾವ ಬದಲಾವಣೆಯಿಂದ ಕೆಟ್ಟ ಫಲಿತಾಂಶ ಒಳ್ಳೆಯದಾಯಿತು ಅಂತ ಹುಡುಕಿ. ಆ ಪುಟವೇ ನಿಮ್ಮ ಮುಖ್ಯ ಸ್ಲೈಡ್. ಮೇಳದ ಪೋಸ್ಟರಿನಲ್ಲಿ ಇದು ಇರಲಿಲ್ಲ ಅಂದರೆ ಇನ್ನೂ ಒಳ್ಳೆಯದು.

ಆ ಸ್ಲೈಡಿನಲ್ಲಿ ಎಡಗಡೆ ನಿಮಗೆ ಸಿಕ್ಕ ಅತಿ ಹತ್ತಿರದ ಹಳೆಯ ಕೆಲಸ, ಬಲಗಡೆ ನಿಮ್ಮದು, ನಡುವೆ ಒಂದೇ ಒಂದು ವ್ಯತ್ಯಾಸ. ಅಷ್ಟೇ ಸಾಕು. ಹಳೆಯ ಕೆಲಸ ಹುಡುಕಲು ದುಡ್ಡು ಬೇಡ. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನವರ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಮೂರೂ ಉಚಿತ. "ಅಡಿಕೆ" ಅಂತ ಮಾತ್ರ ಹುಡುಕಿ "ಏನೂ ಸಿಗಲಿಲ್ಲ" ಅನ್ನಬೇಡಿ. ಬಾದಾಮಿ, ತೆಂಗಿನಕಾಯಿ, ಮೊಟ್ಟೆ, ಪಿಸ್ತಾ ಎಲ್ಲ ಹುಡುಕಿ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅದರ ವಿಟ್ಲದ ಕೇಂದ್ರ ಮಾಡಿದ ಕೆಲಸಗಳನ್ನೂ ನೋಡಿ, ಅಡಿಕೆ ವಿಷಯದಲ್ಲಿ ಅವರದ್ದು ದಶಕಗಳ ಕೆಲಸ. ಸಹಾಯ ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಇದೆ.

ಇನ್ನೊಂದು ಎಚ್ಚರಿಕೆ. ಈಗಿನ ಕಾಲಕ್ಕೆ ತಕ್ಕಂತೆ ಶೀರ್ಷಿಕೆಯಲ್ಲಿ "ಎಐ ಆಧಾರಿತ" ಅಂತ ಸೇರಿಸಬೇಕು ಅಂತ ಯಾರಾದರೂ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. 3(ಕೆ) ಸೆಕ್ಷನ್ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ, ಅಲ್ಗಾರಿದಂಗೆ ಪೇಟೆಂಟ್ ಇಲ್ಲ. ನಿಮ್ಮಲ್ಲಿ ಸುತ್ತಿಗೆ ಇದೆ, ಬಟ್ಟಲು ಇದೆ, ಸೆನ್ಸರ್ ಇದೆ, ಕಣ್ಣಿಗೆ ಕಾಣುವ ಫಲಿತಾಂಶ ಇದೆ. ಅದನ್ನು ಯಂತ್ರವಾಗಿಯೇ ತೋರಿಸಿ. ಇರುವ ಬಲವನ್ನು ಬಿಟ್ಟು ಇಲ್ಲದ ತಲೆನೋವನ್ನು ಯಾಕೆ ಕರೆಯುವುದು?

ಆವಿಷ್ಕಾರಕರು ಯಾರು ಎನ್ನುವುದಕ್ಕೆ ನಿಮ್ಮ ಪತ್ರದಲ್ಲಿ "ನಾನೂ ನನ್ನ ವಿದ್ಯಾರ್ಥಿಯೂ" ಎಂದಿದೆ. ಅಷ್ಟೇ ಜನವೇ? ಪೇಪರಿನಲ್ಲಿ ಹೆಸರು ಹಾಕುವ ರೂಢಿ ಬೇರೆ, ಪೇಟೆಂಟಿನ ನಿಯಮ ಬೇರೆ. ಹೊಸ ಯೋಚನೆಗೆ ಯಾರ ತಲೆ ಓಡಿತೋ ಅವರು ಆವಿಷ್ಕಾರಕರು. ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ ಹೆಸರು ಸೇರಿಸುವಂತಿಲ್ಲ. ಹೇಳಿದ ಅಳತೆಗೆ ಬೆಸುಗೆ ಹಾಕಿಕೊಟ್ಟವರೂ ಬರುವುದಿಲ್ಲ. ಆದರೆ ನಿಮಗೆ ಅಂಗಳ ಕೊಟ್ಟ ರೈತರು "ಒಂದೇ ಕಡೆ ತಟ್ಟಿದರೆ ಆಗಲಿಕ್ಕಿಲ್ಲ, ತಿರುಗಿಸಿ ತಟ್ಟಿ ನೋಡಿ" ಅಂದಿದ್ದರೆ, ಆ ಮಾತಿನಿಂದಲೇ ನಿಮ್ಮ ಪೆಟ್ಟಿಗೆ ಗೆದ್ದಿದ್ದರೆ, ಅವರ ಹೆಸರು ಬರಲೇಬೇಕು. ಅವರು ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಒಂದು ಕಡೆ ನಾನೇ ಕೂತಿದ್ದ ಸಮಿತಿಯಲ್ಲಿ ತಪ್ಪಾಗಿದೆ. ಒಬ್ಬ ಎಂ.ಟೆಕ್ ಹುಡುಗ ಕಷ್ಟಪಟ್ಟು ಒಂದು ಕವಾಟದ ವಿನ್ಯಾಸ ಮಾಡಿದ್ದ. ಅರ್ಜಿ ಹಾಕುವಾಗ ಅವನು ಓದು ಮುಗಿಸಿ ಹೋಗಿದ್ದ. ಅವನ ಹೆಸರು ಬಿಟ್ಟು ಇಬ್ಬರು ಹಿರಿಯರ ಹೆಸರು ಸೇರಿಸಿದ್ದರು. ನಾವು ಯಾರೂ "ಇದನ್ನು ಕೈಯಾರೆ ಮಾಡಿದವರು ಯಾರು?" ಅಂತ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ಒಂದು ಕಂಪನಿ ಲೈಸೆನ್ಸ್ ಕೇಳಿಕೊಂಡು ಬಂತು. ಅವರ ವಕೀಲರು ಹುಡುಗನ ಪ್ರಬಂಧ ತೆರೆದು ನೋಡಿದರು, ಅದೇ ಚಿತ್ರ. ಮಾತುಕತೆ ಅಲ್ಲಿಗೇ ನಿಂತಿತು. ಹುಡುಗನಿಗೂ ಅನ್ಯಾಯ, ಆವಿಷ್ಕಾರವೂ ಕಪಾಟಿನಲ್ಲಿ ಕೂತಿತು. ನನಗೆ ಇವತ್ತಿಗೂ ಅದು ನೋವಿನ ವಿಷಯ.

ಹಣ ಎಲ್ಲಿಂದ ಬಂತು ಎನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಸರ್ಕಾರಿ ಯೋಜನೆಯ ಅನುದಾನವಾದರೆ ಮಂಜೂರಾತಿ ಪತ್ರದಲ್ಲಿ ಹಕ್ಕಿನ ಬಗ್ಗೆ ಷರತ್ತು ಇರುತ್ತದೆ. ಸೆನ್ಸರ್ ಕಂಪನಿಯವರು ಪುಕ್ಕಟೆ ಕೊಟ್ಟಿದ್ದರೆ ಏನಾದರೂ ಸಹಿ ಹಾಕಿಸಿಕೊಂಡಿದ್ದಾರೆಯೇ ನೋಡಿ. ಅಡಿಕೆ ಮಾದರಿ ಯಾವ ಯಾವ ಊರಿನದು ಎನ್ನುವ ಪಟ್ಟಿಯೂ ಇರಲಿ, ಅರ್ಜಿಯ ಒಂದನೇ ಫಾರಂನಲ್ಲಿ ಜೈವಿಕ ವಸ್ತುವಿನ ಬಗ್ಗೆ ಘೋಷಣೆ ಕೇಳುತ್ತಾರೆ.

ಈಗ ಮಾರುಕಟ್ಟೆ. ಇಲ್ಲಿ ನಮ್ಮ ಮೇಷ್ಟ್ರುಗಳು ಮಾಡುವುದೇನೆಂದರೆ, ರಾಜ್ಯದಲ್ಲಿ ಇಷ್ಟು ಲಕ್ಷ ಎಕರೆ ಅಡಿಕೆ ಇದೆ, ಇಷ್ಟು ಬೆಳೆಗಾರರಿದ್ದಾರೆ, ನೂರಕ್ಕೆ ಒಬ್ಬರು ಕೊಂಡರೂ ಇಷ್ಟು ಕೋಟಿ ಅಂತ ಗುಣಾಕಾರ ಹಾಕುತ್ತಾರೆ. ಉದ್ಯಮದಿಂದ ಬಂದ ಸದಸ್ಯರು ಆ ಸ್ಲೈಡ್ ಬಂದ ಕೂಡಲೇ ಫೋನ್ ನೋಡಲು ಶುರು ಮಾಡುತ್ತಾರೆ. ಅದರ ಬದಲು ಐದು ಜನರನ್ನು ಭೇಟಿ ಮಾಡಿ ಬನ್ನಿ, ಮೂರು ವಾರ ಇದೆಯಲ್ಲ. ಒಂದೆರಡು ಎಕರೆಯ ಬೆಳೆಗಾರರು, ದೊಡ್ಡ ತೋಟದವರು, ಮಂಡಿ ವ್ಯಾಪಾರಿ, ಸಹಕಾರ ಸಂಘದ ಖರೀದಿ ಕೇಂದ್ರದಲ್ಲಿ ಅಡಿಕೆ ನೋಡುವವರು, ಡ್ರೈಯರ್ ತಯಾರಿಸುವವರು. "ಇದನ್ನು ಕೊಳ್ಳುತ್ತೀರಾ?" ಅಂತ ಕೇಳಬೇಡಿ. ಮುಖದ ಮೇಲೆ ಇಲ್ಲ ಅನ್ನುವುದು ನಮ್ಮ ಜನಕ್ಕೆ ಕಷ್ಟ, "ಒಳ್ಳೇದುಂಟು" ಅಂದುಬಿಡುತ್ತಾರೆ. ಈಗ ಹೇಗೆ ನೋಡುತ್ತೀರಿ, ಹೋದ ವರ್ಷ ಹಸಿ ಇದ್ದು ಎಷ್ಟು ಹಾಳಾಯಿತು, ಹಸಿ ಅಂತ ಎಷ್ಟು ಸಲ ಜಗಳವಾಯಿತು, ಆಗ ರೇಟಿನಲ್ಲಿ ಎಷ್ಟು ಕಡಿದರು ಅಂತ ಕೇಳಿ. ಪೆಟ್ಟಿಗೆಯ ಒಳಗಿನದ್ದನ್ನು ಮಾತ್ರ ಯಾರಿಗೂ ಹೇಳಬೇಡಿ. ಕಂಪನಿಯವರಾದರೆ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಆದಮೇಲೆ ಮಾತು.

ನನಗೆ ತೋಚುವ ಮಟ್ಟಿಗೆ ಸಣ್ಣ ಬೆಳೆಗಾರರು ಇದನ್ನು ಕೊಳ್ಳುವುದು ಕಷ್ಟ. ಅವರಿಗೆ ಕಿವಿ ಇದೆ, ಅನುಭವ ಇದೆ, ವರ್ಷಕ್ಕೆ ಕೆಲವೇ ತಿಂಗಳ ಕೆಲಸ. ಒಂದೊಂದೇ ಅಡಿಕೆ ಇಟ್ಟು ನೋಡಲು ಸಮಯವೂ ಇಲ್ಲ. ಆದರೆ ಖರೀದಿ ಕೇಂದ್ರದ ಕತೆ ಬೇರೆ. ಅಲ್ಲಿ ಮೂಟೆಗೆ ಹತ್ತು ಕಾಯಿ ತೆಗೆದು ನೋಡಿದರೆ ಸಾಕು, ಕೊಡುವವರಿಗೂ ಕೊಳ್ಳುವವರಿಗೂ ಒಪ್ಪಿಗೆಯಾಗುವ ಅಳತೆ ಒಂದು ಬೇಕು. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೊದಂಥ ಬೆಳೆಗಾರರ ಸಹಕಾರಿಗಳು ನಮ್ಮಲ್ಲಿವೆ. ಆದರೆ ಅಲ್ಲಿಗೆ ಹೆಚ್ಚಾಗಿ ಬರುವುದು ಸುಲಿದ ಅಡಿಕೆ. ನಿಮ್ಮ ಪೆಟ್ಟಿಗೆ ಸುಲಿದದ್ದನ್ನೂ ನೋಡಬಲ್ಲದೇ? ಸಮಿತಿ ಈ ಪ್ರಶ್ನೆ ಕೇಳಿದರೆ ಉತ್ತರ ಇರಬೇಕು. ಇಲ್ಲವಾದರೆ ಡ್ರೈಯರಿನವರೇ ಸರಿಯಾದ ಗಿರಾಕಿ ಇರಬಹುದು. ಅವರ ಯಂತ್ರದೊಳಗೆ ನಿಮ್ಮದು ಒಂದು ಭಾಗವಾಗಿ ಕೂತರೆ, ಯಾವಾಗ ನಿಲ್ಲಿಸಬೇಕು ಅಂತ ಡ್ರೈಯರಿಗೇ ಗೊತ್ತಾಗುತ್ತದೆ. ಆಗ ಕ್ಲೇಮುಗಳನ್ನೂ, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎಂದು ಅರ್ಜಿಯಲ್ಲಿ ಹೇಳುವ ಸಾಲುಗಳನ್ನೂ ಹಾಗೇ ಬರೆಯಬೇಕಾಗುತ್ತದೆ. ಅದಕ್ಕೇ ಗಿರಾಕಿ ಯಾರು ಎನ್ನುವುದನ್ನು ಅರ್ಜಿಗೆ ಮುಂಚೆಯೇ ಯೋಚಿಸಬೇಕು.

ಖರ್ಚಿನ ಬಗ್ಗೆ ಸಮಿತಿಗೆ ಗೊತ್ತಿರುತ್ತದೆ, ನಿಮಗೂ ಗೊತ್ತಿರಲಿ. 2021ರ ತಿದ್ದುಪಡಿಯಿಂದ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕದಲ್ಲಿ 80 ಶೇಕಡ ರಿಯಾಯಿತಿ ಇದೆ. ಆನ್‌ಲೈನಿನಲ್ಲಿ ಅರ್ಜಿಗೆ 1,600 ರೂಪಾಯಿ, ಅರ್ಜಿಯನ್ನು ಪೇಟೆಂಟ್ ಕಚೇರಿ ಪರೀಕ್ಷಿಸಲಿ ಎಂಬ ಕೋರಿಕೆಗೆ 4,000 ರೂಪಾಯಿ. ಪುಟ ಮತ್ತು ಕ್ಲೇಮು ಹೆಚ್ಚಾದರೆ ಸ್ವಲ್ಪ ಮೇಲೆ. ನಿಜವಾದ ಖರ್ಚು ಏಜೆಂಟರದ್ದು. ಹೊರದೇಶಕ್ಕೆ ಹೋದರೆ ದೇಶ ದೇಶಕ್ಕೂ ಲಕ್ಷಗಳ ಲೆಕ್ಕ. ಚಾಲಿ ಅಡಿಕೆಯ ಪೆಟ್ಟಿಗೆಗೆ ಅಮೆರಿಕ, ಯುರೋಪಿನ ಪೇಟೆಂಟ್ ಕೇಳಬೇಡಿ. ಅಡಿಕೆ ಬೆಳೆಯುವ ದೇಶಗಳ ಬಗ್ಗೆ ಬೇಕಾದರೆ ಆಮೇಲೆ ಯೋಚಿಸಬಹುದು. ಇಷ್ಟು ಕಡಿಮೆ ಕೇಳುವುದೇ ಸಮಿತಿಗೆ ನಿಮ್ಮ ಮೇಲೆ ನಂಬಿಕೆ ತರುತ್ತದೆ.

ಪೆಟ್ಟಿಗೆ ಯಾವ ಹಂತದಲ್ಲಿದೆ ಎನ್ನುವುದನ್ನು ಇದ್ದ ಹಾಗೆ ಹೇಳಿ. ಈಗ ಒಂದು ಮಾಡಲು ಎಷ್ಟು ಬಿತ್ತು, 500 ಮಾಡಿದರೆ ಎಷ್ಟಕ್ಕೆ ಆಗಬಹುದು ಅಂತ ಎಲೆಕ್ಟ್ರಾನಿಕ್ಸ್ ಜೋಡಣೆ ಮಾಡುವವರಿಂದ ಒಂದು ಕೊಟೇಶನ್ ತರಿಸಿ. ಮುಂದಿನ ಅಡಿಕೆ ಹಂಗಾಮಿನಲ್ಲಿ ಎಲ್ಲಿ, ಎಷ್ಟು ಅಂಗಳದಲ್ಲಿ ಪರೀಕ್ಷೆ ಮಾಡುತ್ತೀರಿ ಅಂತ ಒಂದು ಸ್ಲೈಡ್. ಸಮಿತಿಯಿಂದ ನಿಮಗೇನು ಬೇಕು ಅಂತ ಕೊನೆಯ ಸ್ಲೈಡಿನಲ್ಲಿ ನೇರವಾಗಿ ಬರೆಯಿರಿ: ಇಂಥ ತಾರೀಕಿನೊಳಗೆ ಪ್ರೊವಿಷನಲ್ ಅರ್ಜಿ, ಒಂದು ಹಂಗಾಮಿನ ಪರೀಕ್ಷೆಗೆ ಇಷ್ಟು ಹಣ, ಡ್ರೈಯರ್ ತಯಾರಕರ ಜೊತೆ ಮಾತಾಡಲು ಅನುಮತಿ. ಎಲ್ಲ ಸೇರಿ ಏಳೆಂಟು ಸ್ಲೈಡ್ ಆಯಿತು. ಉಳಿದ 40 ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರಲಿ, ಯಾರಾದರೂ ಗ್ರಾಫ್ ಕೇಳಿದರೆ ತೆಗೆದು ತೋರಿಸಿ.

ಸಮಿತಿ "ಈಗ ಬೇಡ" ಅನ್ನಬಹುದು. ಬಟ್ಟಲಿನ ಆಕಾರಕ್ಕೆ ಡಿಸೈನ್ ನೋಂದಣಿ ಸಾಕು ಅನ್ನಬಹುದು, ಪೇಪರ್ ಪ್ರಕಟಿಸಿ ಎಲ್ಲರಿಗೂ ಬಿಟ್ಟುಕೊಡಿ ಅನ್ನಬಹುದು. ಬೇಡ ಅಂದರೆ ಕಾರಣವನ್ನು ನಡಾವಳಿಯಲ್ಲಿ ಬರೆಸಿ. ಹಕ್ಕನ್ನು ಆವಿಷ್ಕಾರಕರಿಗೇ ಬಿಟ್ಟುಕೊಡಲು ನಿಮ್ಮ ವಿಶ್ವವಿದ್ಯಾಲಯದ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ನೀತಿಯಲ್ಲಿ ಅವಕಾಶ ಇದೆಯೇ ಅಂತ ಕೇಳಿ. ಲಾಭ ಬಂದರೆ ನಿಮಗೆಷ್ಟು, ವಿದ್ಯಾರ್ಥಿಗೆಷ್ಟು ಎನ್ನುವುದೂ ಅದೇ ನೀತಿಯಲ್ಲಿರುತ್ತದೆ. ಹೋಗುವ ಮುಂಚೆ ಒಮ್ಮೆ ಪೂರ್ತಿ ಓದಿ.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ರ‍್ಯಾಂಕಿಂಗಿಗೆ ಅಂಕ ಬರುತ್ತದೆ ಎಂದು ಹೇಗಾದರೂ ಒಂದು ಅರ್ಜಿ ಹಾಕಿ ಅಂತ ಕಾಲೇಜುಗಳು ಒತ್ತಾಯ ಮಾಡುವುದನ್ನು ನೋಡುತ್ತಿದ್ದೇನೆ. ಹಿಂತೆಗೆದುಕೊಳ್ಳದಿದ್ದರೆ 18 ತಿಂಗಳಿಗೆ ಸಾಮಾನ್ಯವಾಗಿ ಎಲ್ಲ ಅರ್ಜಿಯೂ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಕೋರಿಕೆ ಕೊಟ್ಟರೆ ಇನ್ನೂ ಬೇಗ. ಅದಕ್ಕೆ ಹಾರ ಹಾಕಿ ಫೋಟೊ ಹಿಡಿಯುತ್ತಾರೆ. ಪರೀಕ್ಷೆಗೆ ಕೋರಿಕೆಯನ್ನೇ ಕೊಡದೆ ಅಂಥ ಅರ್ಜಿ ಸತ್ತುಹೋಗುತ್ತದೆ, ಒಳಗಿದ್ದ ವಿಷಯ ಮಾತ್ರ ಲೋಕಕ್ಕೆ ತೆರೆದುಕೊಂಡಿರುತ್ತದೆ. ನಿಮ್ಮ ಪೆಟ್ಟಿಗೆಗೆ ಹಾಗಾಗಬಾರದು. ಬೇಗ ಪ್ರಕಟಿಸಿ ಅಂತ ಒತ್ತಡ ಬಂದರೆ ಒಪ್ಪಬೇಡಿ. ಆ 18 ತಿಂಗಳ ಮರೆಯಲ್ಲಿ ನೀವು ಪೆಟ್ಟಿಗೆಯನ್ನು ಇನ್ನಷ್ಟು ಸುಧಾರಿಸಬಹುದು, ಸುಧಾರಿಸಿದ್ದಕ್ಕೆ ಮತ್ತೊಂದು ಅರ್ಜಿಯನ್ನೂ ಯೋಚಿಸಬಹುದು.

ಸಮಿತಿಯಲ್ಲಿ ಹೊರಗಿನ ಸದಸ್ಯರಿದ್ದರೆ ಅವರೂ ಗೌಪ್ಯತೆಗೆ ಸಹಿ ಹಾಕಿದ್ದಾರೆಯೇ ಅಂತ ಕಾರ್ಯದರ್ಶಿಯನ್ನು ಮೊದಲೇ ಕೇಳಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಆ ದಿನ ವಿದ್ಯಾರ್ಥಿಯನ್ನೂ ಕರೆದುಕೊಂಡು ಹೋಗಿ, ಅಡಿಕೆ ತಟ್ಟುವ ಭಾಗವನ್ನು ಅವನೇ ಮಾಡಲಿ. ಅಡಕತ್ತರಿಯನ್ನು ಬ್ಯಾಗಿಗೆ ಹಾಕಲು ಮರೆಯಬೇಡಿ, ಬ್ಯಾಟರಿ ಎರಡು ಸೆಟ್ ಹೆಚ್ಚಿಗೆ ಇರಲಿ. ಹತ್ತು ಅಡಿಕೆಯನ್ನು ಹಿಂದಿನ ರಾತ್ರಿಯೇ ಆರಿಸಿ ಡಬ್ಬಿಯಲ್ಲಿ ಮುಚ್ಚಿಡಿ. ಮಳೆಗಾಲದ ಗಾಳಿಗೆ ಅವು ಬೆಳಗಾಗುವುದರೊಳಗೆ ತೇವ ಎಳೆದುಕೊಳ್ಳುತ್ತವೆ.